ಮುತ್ಯಾನ ಫೋಟೊ ಬದಲಿಸೋಣ

ಗೋಕಾಕ, ಮೂಡಲಗಿ, ಹುಕ್ಕೇರಿಯ ನಮ್ಮ ಬಳಗಕ್ಕೊಂದು ಬಹಿರಂಗ ಪತ್ರ

ಗೋಕಾಕದ ದೊಡ್ಡಪ್ಪ, ಕಾಕಾ, ಚಿಗವ್ವಗಳಿಗೆ, ಮೂಡಲಗಿಯ ದೊಡ್ಡತ್ತಿ ಮತ್ತು ಮಾಮಾರಿಗೆ, ಹುಕ್ಕೇರಿಯ ಸಣ್ಣತ್ತಿ ಮತ್ತು ಮಾಮಾರಿಗೆ, ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ, ವೈನಿಗಳಿಗೆ, ಮುತ್ಯಾನನ್ನು ಹಾಸಿಗೆ ಹಿಡಿದ ಮೇಲಷ್ಟೇ ಕಂಡ ಸಣ್ಣ ಮಕ್ಕಳಿಗೆ,

ಮುತ್ಯಾನ ಮೊದಲ ವರ್ಷದ ಪುಣ್ಯಸ್ಮರಣೆಯ ಬ್ಯಾನರ್ ತಯಾರಾಗಿದೆ. ಕಾಕಾ ಅದನ್ನು ಎಲ್ಲರ ಮೊಬೈಲಿಗೂ ಕಳಿಸಿ, ಯಾರ ಹೆಸರಾದರೂ ಬಿಟ್ಟುಹೋಗಿದ್ದರೆ ಹೇಳಿರಿ ಎಂದಿದ್ದಾರೆ. ನಾನು ಎರಡೆರಡು ಸಲ ಓದಿದೆ. ಮಕ್ಕಳು, ಸೊಸೆಯಂದಿರು, ಅಳಿಯಂದಿರು, ಮೊಮ್ಮಕ್ಕಳು, ಮರಿಮಕ್ಕಳು, ಬೀಗರು, ಆಪ್ತರು, ಎಲ್ಲರ ಹೆಸರೂ ಇದೆ. ಬಿಟ್ಟುಹೋದವನು ಮುತ್ಯಾ ಒಬ್ಬನೇ.

ಬ್ಯಾನರಿನಲ್ಲಿರುವ ಫೋಟೊ ಪಿಂಚಣಿ ಕಾಗದಕ್ಕೆಂದು ತೆಗೆಸಿದ್ದು. ಕೊರಳ ಗುಂಡಿ ಹಾಕಿಕೊಂಡು, ಟೊಪ್ಪಿಗೆ ಸರಿಮಾಡಿಕೊಂಡು, ಉಸಿರು ಬಿಗಿಹಿಡಿದು ಕೂತಿದ್ದಾನೆ. ಕೆಳಗೆ 'ಸರಳ ಸಜ್ಜನಿಕೆಯ ಮೂರ್ತಿ, ಶಿಸ್ತಿನ ಸಿಪಾಯಿ, ಮಿತಭಾಷಿ' ಎಂದಿದೆ. ಸಜ್ಜನ ಹೌದು, ಅದರಲ್ಲಿ ತಕರಾರಿಲ್ಲ. ಆದರೆ ಮಿತಭಾಷಿ? ಗೋಕಾಕದ ಸಂತೆಗೆ ಕಾಯಿಪಲ್ಯ ತರಲು ಹೋಗಿ, ದಾರಿಯಲ್ಲಿ ಸಿಕ್ಕವರ ಜೊತೆ ಮಾತಿಗೆ ನಿಂತು, ಸಂತೆ ಎದ್ದ ಮೇಲೆ ಬರಿ ಚೀಲ ಹಿಡಿದು ಬರುತ್ತಿದ್ದ ಮನುಷ್ಯ ಅವನು. ಮೊನ್ನೆ ಮೂಡಲಗಿಯಲ್ಲಿ ದೊಡ್ಡತ್ತಿಯ ಮೊಮ್ಮಗ ನನ್ನನ್ನು ಕೇಳಿದ: "ಮುತ್ಯಾ ಭಾಳ ಸಿಟ್ಟಿನ್ಯಾಂವ ಇದ್ದನೇನ್ರಿ?" ಆ ಫೋಟೊ ನೋಡಿಯೇ ಕೇಳಿದ್ದು. ಅವತ್ತು ರಾತ್ರಿ ಈ ಪತ್ರ ಬರೆಯಲು ಕೂತೆ.

ಇದನ್ನು ಮನೆಯೊಳಗೇ ಮಾತಾಡಿ ಮುಗಿಸಬಹುದಿತ್ತು. ಬಹಿರಂಗವಾಗಿ ಬರೆಯುವುದಕ್ಕೆ ಕಾರಣವಿದೆ. ನಮ್ಮ ಮೂರೂ ಊರಿನ ಬಸ್ ಸ್ಟ್ಯಾಂಡ್ ಮುಂದೆ ಒಂದು ಗಳಿಗೆ ನಿಂತು ನೋಡಿರಿ. ಕಟ್ಟಿದ ಬ್ಯಾನರುಗಳಲ್ಲಿ ತೀರಿಹೋದ ಹಿರಿಯರೆಲ್ಲ ಒಂದೇ ಮುಖದವರಾಗಿದ್ದಾರೆ, ಒಂದೇ ನಾಲ್ಕು ಮಾತಿನವರಾಗಿದ್ದಾರೆ. ಅವರಲ್ಲಿ ಒಬ್ಬರು ಕೊಲ್ಹಾಪುರದ ಖಾಸಬಾಗ ಮೈದಾನದವರೆಗೆ ಹೋಗಿ ಕುಸ್ತಿ ಹಿಡಿದವರಿರಬಹುದು. ಇನ್ನೊಬ್ಬರು ಚಕ್ಕಡಿ ಶರ್ಯತ್ತಿಗೆಂದೇ ಎತ್ತು ಸಾಕಿ, ಎತ್ತಿಗೆ ತತ್ತಿ ಹಾಲು ಕುಡಿಸಿ, ತಾವು ಖಾರ ರೊಟ್ಟಿ ತಿಂದವರಿರಬಹುದು. ಮತ್ತೊಬ್ಬರು ಊರ ಸಣ್ಣಾಟದಲ್ಲಿ ಹೆಣ್ಣುವೇಷ ಕಟ್ಟಿ ಮೆರೆದವರಿರಬಹುದು. ಸತ್ತ ವರ್ಷದೊಳಗೆ ಅದೆಲ್ಲ ತೊಳೆದುಹೋಗಿ 'ಸರಳ ಸಜ್ಜನಿಕೆಯ ಮೂರ್ತಿ' ಉಳಿಯುತ್ತದೆ. ಮಕ್ಕಳು ಅದನ್ನೇ ನಂಬುತ್ತಾರೆ. ಇದು ಬರೀ ನಮ್ಮ ಮನೆಯ ಮಾತಲ್ಲ, ಅದಕ್ಕೇ ಎಲ್ಲರ ಮುಂದೆ ಬರೆಯುತ್ತಿದ್ದೇನೆ.

ನಾನು ಹೇಳಬೇಕಾದದ್ದು ಒಂದೇ. ಮುತ್ಯಾನ ಹುಡುಗಾಟಿಕೆ, ಅವನ ತಿರುಗಾಟ, ಅವನ ಹುಂಬ ಧೈರ್ಯ ಇವು ನಾವು ಮುಚ್ಚಿಡಬೇಕಾದ ಸಂಗತಿಗಳಲ್ಲ. ನಮ್ಮ ಮೂರು ಊರಿನ ಮನೆಗಳು ಇವತ್ತಿಗೂ ಒಂದು ಬಳಗವಾಗಿ ಉಳಿದಿರುವುದು ಅವುಗಳಿಂದಲೇ. ಹೊಲ ಹಂಚಿಕೆಯಾಗಿದೆ, ಮನೆಗಳು ಬೇರೆಯಾಗಿವೆ. ಹಂಚಿಕೊಳ್ಳಲು ಬಾರದೆ ಉಳಿದ ಆಸ್ತಿ ಅವನ ಕತೆಗಳು ಮಾತ್ರ.

ಮೊದಲು ಹೊಳೆಯ ಕತೆ. ನಿಮ್ಮಲ್ಲಿ ಹಿರಿಯರಿಗೆ ಗೊತ್ತಿದೆ, ಮಕ್ಕಳಿಗಾಗಿ ಹೇಳುತ್ತೇನೆ.

ಏಕೀಕರಣವಾಗಿ ಬೆಳಗಾವಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ, ಅಂದರೆ 1957. ಮುತ್ಯಾನಿಗೆ ಆಗ ಇಪ್ಪತ್ತರ ಆಸುಪಾಸು. ಗಿರಣಿ ಕೆಲಸ ಇನ್ನೂ ಸಿಕ್ಕಿರಲಿಲ್ಲ. ಗೋಕಾಕ ಫಾಲ್ಸಿನ ತೂಗುಸೇತುವೆ ಮೇಲೆ ಗೆಳೆಯರ ಜೊತೆ ನಿಂತು ಕೆಳಗೆ ನೋಡುತ್ತಿದ್ದಾಗ ಒಬ್ಬ ಕೇಳಿದನಂತೆ, ಈ ನೀರು ಎಲ್ಲಿಂದ ಬರತೈತಿ ಅಂತ. ಇನ್ನೊಬ್ಬ, ಎಲ್ಲಿಗೆ ಹೋಗತೈತಿ ಅಂತ. ಮುತ್ಯಾ, "ನಡೀರಿ, ನೋಡಿ ಬರೂನು" ಎಂದ. ಅಷ್ಟೇ ತಯಾರಿ. ಗೋಕಾಕದ ಸೈಕಲ್ ಅಂಗಡಿಯಲ್ಲಿ ಎರಡು ದಿನದ ಬಾಡಿಗೆ ಹೇಳಿ ಮೂರು ಸೈಕಲ್ ಇಸಿದುಕೊಂಡರು. ಆಯಿಗೆ, ಆಗಿನ್ನೂ ಹೊಸ ಮದುಮಗಳು, "ಸಂಕೇಶ್ವರಕ್ಕ ಹೋಗಿ ಮೆಣಸಿನಕಾಯಿ ತರತೇನಿ" ಎಂದು ಹೇಳಿ ಬುತ್ತಿ ಕಟ್ಟಿಸಿಕೊಂಡ. ಸಂಕೇಶ್ವರಕ್ಕೆ ಹೋದದ್ದು ನಿಜ. ಅಲ್ಲಿಂದ ಹಿರಣ್ಯಕೇಶಿಯ ದಂಡೆ ಹಿಡಿದು ಗಡಹಿಂಗ್ಲಜ, ಆಜರಾ ದಾಟಿ, ಘಟ್ಟದ ನೆತ್ತಿಯ ಅಂಬೋಲಿಯವರೆಗೆ ತುಳಿದರು. ಹಿರಣ್ಯಕೇಶಿ ಅಲ್ಲಿ ಒಂದು ಗವಿಯೊಳಗಿಂದ ಬರುತ್ತದೆ, ಬಾಯಿಗೆ ಗುಡಿ ಇದೆ. ಮುಂದೆ ಹುಕ್ಕೇರಿ ಸೀಮೆಗೆ ಬಂದು ಘಟಪ್ರಭೆಯನ್ನು ಕೂಡುವ ಹೊಳೆ ಅದು. ಮುತ್ಯಾ ಗವಿಯ ನೀರನ್ನು ಒಂದು ಸೀಸೆಯಲ್ಲಿ ತುಂಬಿಕೊಂಡ.

ತಿರುಗಿ ಬರುವಾಗ ಹಿಡಕಲ್ ಡ್ಯಾಮ್ ಇನ್ನೂ ಇಲ್ಲ, ಅದು ಪೂರ್ತಿಯಾದದ್ದು 1977ರಲ್ಲಿ. ಆದ್ದರಿಂದ ಇಂದು ನೀರಿನಡಿ ಇರುವ ಊರುಗಳಲ್ಲಿ ಅವರು ಮಲಗಿ ಎದ್ದು ಬಂದರು. ಹುನ್ನೂರಿನ ವಿಠ್ಠಲನ ಗುಡಿಯಲ್ಲಿ ಭಜನೆ ಕೇಳಿ, ಅವರು ಹಾಕಿದ ಅನ್ನ ಸಾರು ಉಂಡರು. ಟ್ಯೂಬು ಹರಿದರೆ ತೇಪೆಗೆ ರಬ್ಬರಿಲ್ಲ. ಟಾಯರಿನೊಳಗೆ ಹುಲ್ಲು ತುರುಕಿ, ಸುತ್ತ ಹಗ್ಗ ಬಿಗಿದು ಓಡಿಸಿದರು. ಧೂಪದಾಳ, ಗೋಕಾಕ ದಾಟುವಾಗ ಮನೆಯ ಓಣಿಗೆ ಹೊರಳಿದರೆ ಮನೆಯವರು ಹಿಡಿದು ಕೂರಿಸುತ್ತಾರೆಂದು ಕತ್ತಲಲ್ಲಿ ಊರು ದಾಟಿದರಂತೆ. ಆಯಿ ಆ ಮಾತನ್ನು ಕೊನೆಯವರೆಗೂ ಮರೆಯಲಿಲ್ಲ. ಮುಧೋಳ, ಕಲಾದಗಿ, ಹೀಗೆ ಹೊಳೆಗುಂಟ ಹೋಗಿ ಚಿಕ್ಕಸಂಗಮದಲ್ಲಿ ಘಟಪ್ರಭೆ ಕೃಷ್ಣೆಗೆ ಬೀಳುವುದನ್ನು ನೋಡಿದರು. ಮುತ್ಯಾ ಸೀಸೆಯ ನೀರನ್ನು ಕೃಷ್ಣೆಗೆ ಸುರಿದು, ಹೊಳೆಗೆ ಹೇಳಿದನಂತೆ: "ನೋಡವಾ, ನಿನಕಿಂತ ಮೊದಲ ನಾ ಬಂದೆ."

ಎರಡು ದಿನದ ಸೈಕಲ್ ಎರಡು ವಾರ ಕಳೆದು ವಾಪಸಾಯಿತು. ಬಾಡಿಗೆ ಕೊಡಲು ಕೈಯಲ್ಲಿ ಕಾಸಿಲ್ಲ. ಅಂಗಡಿಯವನ ಹತ್ತಿರವೇ ಪಂಕ್ಚರ್ ತಿದ್ದುವ ಕೆಲಸಕ್ಕೆ ಕೂತು ಋಣ ತೀರಿಸಿದ. ನಮಗೆಲ್ಲ ಸೈಕಲ್ ಬಿಚ್ಚಿ ಜೋಡಿಸಲು ಅವನು ಕಲಿಸಿದ್ದು ಆ ವಿದ್ಯೆಯಿಂದ. ಸಂಕೇಶ್ವರದ ಮೆಣಸಿನಕಾಯಿ ತರುವುದನ್ನು ಮಾತ್ರ ಮರೆತಿರಲಿಲ್ಲ. ಮನೆ ಹೊಸ್ತಿಲ ಹೊರಗೆ ನಿಂತು, ಚೀಲವನ್ನು ಮೊದಲು ಒಳಗೆ ದೂಡಿ, ಆಮೇಲೆ ತಲೆ ಹಾಕಿದನಂತೆ.

ಈ ಕತೆಯನ್ನು ಮುತ್ಯಾ ಹೇಳುವಾಗ ಪ್ರತಿ ಸಲ ಒಂದು ಹುಲಿ, ಒಂದು ಕಳ್ಳರ ಗುಂಪು ಹೆಚ್ಚಾಗುತ್ತಿತ್ತು. ಹುಲಿ, ಕಳ್ಳರನ್ನು ಬಿಟ್ಟು ನಾನು ಬರೆದಿದ್ದೇನೆ, ಬೇಕಾದವರು ಸೇರಿಸಿಕೊಳ್ಳಿರಿ. ಆದರೆ ಹಿರಿಯರು ಒಂದನ್ನು ಗಮನಿಸಬೇಕು. ಆ ಹೊಳೆಯನ್ನು ತಲೆಯಿಂದ ಬುಡದವರೆಗೆ ನೋಡಿ ಬಂದ ಮೇಲೆ ಮುತ್ಯಾನಿಗೆ ಗೋಕಾಕ ಒಂದೇ ತನ್ನ ಊರು ಎನ್ನಿಸಲೇ ಇಲ್ಲ. ಒಬ್ಬ ಮಗಳನ್ನು ಹೊಳೆಯ ಮೇಲಿನ ಕಡೆ ಹುಕ್ಕೇರಿಗೆ ಕೊಟ್ಟ, ಒಬ್ಬಳನ್ನು ಕೆಳಗಿನ ಕಡೆ ಮೂಡಲಗಿಗೆ ಕೊಟ್ಟ. ಬೀಗತನ ಮಾಡುವಾಗ ಹೊಲ ಎಷ್ಟು, ಬಂಗಾರ ಎಷ್ಟು ಎಂಬ ಮಾತಿಗಿಂತ ಮೊದಲು, ಮನೆಯಲ್ಲಿ ನಗುವವರು ಇದ್ದಾರೋ ಇಲ್ಲೋ ನೋಡಿ ಬರುತ್ತಿದ್ದನೆಂದು ಆಯಿ ಹೇಳುತ್ತಿದ್ದಳು.

ನೋಡಿ ಬರುವ ಅವನ ರೀತಿ ಮೂಡಲಗಿ ಮಾಮಾರಿಗೆ ಚೆನ್ನಾಗಿ ಗೊತ್ತು. ಮಾಮಾ, ನಿಮ್ಮ ಅಪ್ಪಣೆಯಿಲ್ಲದೆ ಬರೆಯುತ್ತಿದ್ದೇನೆ, ಕ್ಷಮಿಸಿರಿ. ಗೋಕಾಕದ ಚಿತ್ರಗಾರರು ಹಗುರ ಕಟ್ಟಿಗೆಯಲ್ಲಿ ಕೆತ್ತಿ ಬಣ್ಣ ಕೊಟ್ಟು ಮಾಡುವ ಹಣ್ಣುಗಳಿಗೆ ದೊಡ್ಡ ಹೆಸರಿದೆ. ಬಾಳೆಹಣ್ಣಿನ ಮೇಲಿನ ಕರಿ ಚುಕ್ಕಿ, ಮಾವಿನ ಗಲ್ಲದ ಕೆಂಪು, ಪೇರಲದ ತೊಟ್ಟು, ಯಾವುದನ್ನೂ ಅವರು ಬಿಡುವುದಿಲ್ಲ. ಹೊಸ ಅಳಿಯ ಮೊದಲ ಸಲ ಮನೆಗೆ ಬಂದಾಗ ಮುತ್ಯಾ ಅಂಥ ಹಣ್ಣುಗಳನ್ನು ತಾಟಿನಲ್ಲಿ ಜೋಡಿಸಿ, ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ, "ತಗೋರಿ, ನಮ್ಮ ಹೊಲದ್ದು" ಎಂದು ಮುಂದಿಟ್ಟ. ಅಳಿಯಂದಿರು ಮರ್ಯಾದೆಯಿಂದ ಒಂದು ಬಾಳೆಹಣ್ಣು ಎತ್ತಿಕೊಂಡು ಸುಲಿಯಲು ನೋಡಿದರು. ತುದಿಯಿಂದ ಆಗಲಿಲ್ಲ, ಬುಡದಿಂದ ಆಗಲಿಲ್ಲ. ಸುತ್ತ ಹಿರಿಯರು ಗಂಭೀರವಾಗಿ ಕೂತಿದ್ದಾರೆ. ಏನು ಮಾಡಬೇಕು? ಮಾಮಾ ಹಣ್ಣನ್ನು ಮೆಲ್ಲಗೆ ಜೇಬಿಗೆ ಇಳಿಸಿ, "ಊಟಾದ ಮ್ಯಾಲೆ ತಿಂತೇನ್ರಿ" ಎಂದರು. ಮುತ್ಯಾ ಎದ್ದು ಬಂದು ಅಳಿಯನ ಬೆನ್ನು ತಟ್ಟಿ, "ಈ ಹುಡುಗ ನಮ್ಮ ಮನೀಗೆ ಸರಿ" ಎಂದು ಘೋಷಿಸಿದ. ಆ ಕಟ್ಟಿಗೆ ಬಾಳೆಹಣ್ಣು ಇವತ್ತಿಗೂ ಮೂಡಲಗಿಯ ಮನೆಯ ಕಪಾಟಿನಲ್ಲಿದೆ. ಮೊಮ್ಮಕ್ಕಳು ಅದರ ಬಣ್ಣವನ್ನು ಕಚ್ಚಿ ಕಚ್ಚಿ ತೆಗೆದಿದ್ದಾರೆ.

ಗಿರಣಿಯ ಭೋಂಗಾ ಕೂಗಿದರೆ ಕೆಲಸ, ಕೂಗು ಮುಗಿದರೆ ಆಟ, ಹೀಗೆ ನಡೆದದ್ದು ಅವನ ನಡುವಯಸ್ಸು. ಧಬಧಬೆಯ ನೀರಿನ ಬಲದ ಮೇಲೆ 1887ರಲ್ಲಿ ಶುರುವಾದ ಆ ಗಿರಣಿಯಲ್ಲಿ ನೂಲಿನ ಖಾತೆಗೆ ಸೇರಿದ. ಪಾಳಿ ಮುಗಿಸಿ, ತಲೆಗೂದಲಿನಲ್ಲಿ ಹತ್ತಿಯ ಎಳೆ ಇಟ್ಟುಕೊಂಡೇ ಪಾರಿಜಾತದ ತಾಲೀಮಿಗೆ ಓಡುತ್ತಿದ್ದ. ಶ್ರೀಕೃಷ್ಣ ಪಾರಿಜಾತಕ್ಕೆ ರಂಗದ ರೂಪ ಕೊಟ್ಟ ಕುಲಗೋಡ ತಮ್ಮಣ್ಣನ ಊರು ಈಗಿನ ಮೂಡಲಗಿ ತಾಲ್ಲೂಕಿನದು. ಆ ಆಟಕ್ಕೆ ಹೆಸರು ತಂದ ಕೌಜಲಗಿ ನಿಂಗಮ್ಮನ ಊರೂ ಅಲ್ಲಿಗೆ ಹತ್ತಿರ. ನಾರದ ಒಂದು ಪಾರಿಜಾತದ ಹೂ ತಂದು ಕೃಷ್ಣನಿಗೆ ಕೊಡುತ್ತಾನೆ, ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ, ಸತ್ಯಭಾಮೆ ಮುನಿಯುತ್ತಾಳೆ. ಅಷ್ಟು ಕತೆಯ ಮೇಲೆ ಬೆಳತನಕ ಜನರನ್ನು ಕೂರಿಸಬೇಕಾದರೆ ದೂತಿಯ ಪಾತ್ರದವನಿಗೆ ಮಾತು ಬರಬೇಕು. ಮುತ್ಯಾ ಆ ಪಾತ್ರ ಮಾಡುತ್ತಿದ್ದ. ಹೆಗಲ ಮೇಲಿನ ವಲ್ಲಿಯನ್ನೇ ತಲೆಗೆ ಸೆರಗಿನ ಹಾಗೆ ಎಳೆದುಕೊಂಡರೆ ಮುಗಿಯಿತು, ಅವನ ಕೊರಳು, ಸೊಂಟ, ಕಣ್ಣು ಎಲ್ಲ ಬೇರೆ. ಸತ್ಯಭಾಮೆಯ ಸಿಟ್ಟು ಇಳಿಸುವ ನೆಪದಲ್ಲಿ ಊರ ಗೌಡರಿಗೂ ನಾಲ್ಕು ಮಾತು ಬೀಳುತ್ತಿದ್ದವು, ಗೌಡರೂ ನಗುತ್ತಿದ್ದರು.

1969ರಲ್ಲಿ ಹುಕ್ಕೇರಿಯ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಶುರುವಾಗಿ ಆ ಕಡೆಯ ಹಳ್ಳಿಗಳಿಗೆ ಒಂದೊಂದಾಗಿ ದೀಪ ಬಂತು. ಅಲ್ಲಿಯ ಒಂದು ಹಳ್ಳಿಯವರು ಬಲ್ಬಿನ ಬೆಳಕಿನಲ್ಲಿ ಮೊದಲ ಆಟ ಆಗಲಿ ಎಂದು ಇವರ ಮೇಳವನ್ನು ಕರೆಸಿದರು. ನಡುರಾತ್ರಿ ಕರೆಂಟ್ ಹೋಯಿತು. ದೂತಿ ಕತ್ತಲಲ್ಲೇ ಮಾತು ಬಿಡಲಿಲ್ಲ. "ಸತ್ಯಭಾಮಾ, ನಿನ್ನ ಮಾರಿ ಊದಿದ್ದು ನೋಡಲಾರದ ದೀಪ ಕಣ್ಣ ಮುಚ್ಚೇತಿ ಯವ್ವಾ, ಒಂದ ಸಲ ನಗು" ಎಂದ. ಅವಳು ನಕ್ಕಳು, ಆದರೆ ಕರೆಂಟ್ ಬರಲಿಲ್ಲ. ಕಂದೀಲು ತರಿಸಿ ಬೆಳಗಿನವರೆಗೆ ಆಡಿದರು. ಆ ಹಳ್ಳಿಯಿಂದಲೇ ಮುಂದೆ ಸಣ್ಣತ್ತಿಗೆ ಸಂಬಂಧ ಬಂದದ್ದು. ಬೀಗರು ಮೊದಲು ನೋಡಿದ್ದು ವರನ ಮಾವನನ್ನಲ್ಲ, ದೂತಿಯನ್ನು.

ಈಗ ಆಯಿಯ ಮಾತಿಗೆ ಬರುತ್ತೇನೆ. ಮುತ್ಯಾನನ್ನು ಇದ್ದ ಹಾಗೆ ನೆನೆಯೋಣ ಎನ್ನುವವಳು ಇದನ್ನು ಬಿಟ್ಟರೆ ಅನ್ಯಾಯವಾಗುತ್ತದೆ. ಅವನು ತಿರುಗಿದಾಗ ಮನೆ ನಡೆಸಿದವಳು ಅವಳು. ರಾತ್ರಿ ಆಟ, ಹಗಲು ನಿದ್ದೆ, ಪಾಳಿ ತಪ್ಪಿ ಪಗಾರ ಕಡಿಮೆ ಬಂದ ತಿಂಗಳುಗಳನ್ನು ರೊಟ್ಟಿಯ ಲೆಕ್ಕದಲ್ಲಿ ಸರಿದೂಗಿಸಿದವಳು ಅವಳು. ಜಾವಾ ಮೋಟಾರ್‌ಸೈಕಲ್ ಕೊಳ್ಳಲು ಮುತ್ಯಾ ಅವಳ ಬೋರಮಾಳ ಒತ್ತೆ ಇಟ್ಟದ್ದನ್ನು ನಾವು ನಗುತ್ತ ಹೇಳಿಕೊಳ್ಳುತ್ತೇವೆ. ಅವಳು ಅದನ್ನು ಹೇಳುವಾಗ ನಗುತ್ತಿರಲಿಲ್ಲ. ತವರಿನಿಂದ ಬಂದ ಸರ ಅದು. ಬಿಡಿಸಿಕೊಳ್ಳಲು ವರ್ಷಗಳೇ ಬೇಕಾದವು. ಸಾಹಸಿ ಗಂಡಸರ ಕತೆಗಳಲ್ಲಿ ಯಾರ ಸರ ಒತ್ತೆ ಹೋಯಿತು ಎನ್ನುವುದನ್ನೂ ಸೇರಿಸಿ ಹೇಳಬೇಕು. ನಮ್ಮ ಹುಡುಗರಿಗೆ ಮುಖ್ಯವಾಗಿ ಇದನ್ನು ಹೇಳಬೇಕು.

ಆ ಜಾವಾ ಬಂದ ಮೇಲೆ ಆಯಿ ತಿಂಗಳುಗಟ್ಟಲೆ ಅದನ್ನು ಮುಟ್ಟಲಿಲ್ಲ. ಒಂದೇ ಕಡ್ಡಿ ಅದರಲ್ಲಿ ಕಿಕ್ಕೂ ಹೌದು, ಗೇರೂ ಹೌದು. ಚಾಲೂ ಮಾಡಿ ಅದೇ ಕಡ್ಡಿಯನ್ನು ಮುಂದಕ್ಕೆ ಮಡಚಿದರೆ ಗೇರು. ಮುತ್ಯಾ ಬೆಳಗ್ಗೆ ಅಂಗಳದಲ್ಲಿ ಅದನ್ನು ಒದೆಯುವಾಗ ಆಯಿ ಕಸ ಹೊಡೆಯುವ ನೆಪದಲ್ಲಿ ಧೂಳೆಬ್ಬಿಸುತ್ತಿದ್ದಳಂತೆ. ಒಂದು ದಿನ ಅವನು, "ನಿನಗ ಏನ ಬೇಕು ಹೇಳು, ಈ ಗಾಡಿ ಮ್ಯಾಲೆ ಕರಕೊಂಡ ಹೋಗಿ ತೋರಸತೇನಿ" ಎಂದ. ಯಲ್ಲಮ್ಮನ ಗುಡ್ಡ ಎನ್ನುತ್ತಾಳೆ, ಪಂಢರಪುರ ಎನ್ನುತ್ತಾಳೆ ಎಂದುಕೊಂಡಿದ್ದ. ಅವಳು "ಸಮುದ್ರ" ಎಂದಳು. ಇಬ್ಬರೂ ಆ ಗಾಡಿಯ ಮೇಲೆ ಅಂಬೋಲಿ ಘಟ್ಟ ಇಳಿದು ವೆಂಗುರ್ಲಾಕ್ಕೆ ಹೋದರು. ಹಸಿರು ಇಳಕಲ್ ಸೀರೆಯ ಕಚ್ಚೆ ಬಿಗಿದು ಹಿಂದೆ ಕೂತ ಆಯಿಯನ್ನು ನೆನೆಸಿಕೊಳ್ಳಿರಿ. ಸಮುದ್ರದ ಮುಂದೆ ನಿಂತು ಬಹಳ ಹೊತ್ತು ಏನೂ ಮಾತಾಡಲಿಲ್ಲವಂತೆ. ಆಮೇಲೆ ಬೊಗಸೆಯಲ್ಲಿ ಒಂದು ಗುಟುಕು ಬಾಯಿಗೆ ಹಾಕಿಕೊಂಡು, "ಅಡಿಗಿ ಮಾಡಿದಾಕಿ ಉಪ್ಪ ಭಾಳ ಹಾಕ್ಯಾಳ" ಎಂದಳು. ಮುತ್ಯಾ ತನ್ನ ಜೀವನದಲ್ಲಿ ಕೇಳಿದ ಅತಿ ಒಳ್ಳೆಯ ನಗೆಮಾತು ಅದೇ ಎಂದು ಹೇಳುತ್ತಿದ್ದ. ನಮ್ಮ ಮನೆಯಲ್ಲಿ ನಗಿಸುವವನು ಅವನೊಬ್ಬನೇ ಎಂದುಕೊಂಡವರಿಗೆ ಇದು ತಿಳಿದಿರಲಿ.

ಇನ್ನೊಂದು ಎಚ್ಚರಿಕೆಯ ಮಾತನ್ನೂ ಹೇಳಲೇಬೇಕು. ಮುತ್ಯಾನ ಕತೆ ಕೇಳಿ ನಮ್ಮ ಹುಡುಗರು ಫಾಲ್ಸಿನ ಅಂಚಿಗೆ ಹೋಗಿ ಮೊಬೈಲ್ ಹಿಡಿದು ನಿಲ್ಲಬಾರದು. ಸುಮಾರು 52 ಮೀಟರ್ ಕೆಳಗೆ ಬೀಳುವ ನೀರು ಅದು. ಅಲ್ಲಿ ಕಾಲು ಜಾರಿ ಹೋದ ಜೀವಗಳ ಸುದ್ದಿ ನಾವೆಲ್ಲ ಓದಿದ್ದೇವೆ. ಮುತ್ಯಾ ಅಂಥ ಧೈರ್ಯವನ್ನು ಧೈರ್ಯ ಎನ್ನುತ್ತಿರಲಿಲ್ಲ. ನಮಗೆ ಈಜು ಕಲಿಸುವಾಗ ಹುಡುಗರು ಹುಡುಗಿಯರು ಎಂಬ ಭೇದ ಮಾಡಲಿಲ್ಲ, ಎಲ್ಲರನ್ನೂ ಬಾವಿಗೆ ದೂಡಿದ. ಆದರೆ ದೂಡುವ ಮೊದಲು ಒಣ ಬುರುಡೆಯನ್ನು ಬೆನ್ನಿಗೆ ಕಟ್ಟಿ, ಗಂಟನ್ನು ತಾನೇ ಎಳೆದು ನೋಡುತ್ತಿದ್ದ. ಹೊಳೆಗೆ ಇಳಿಯುವ ಮೊದಲು ಬಣ್ಣ ನೋಡುತ್ತಿದ್ದ. ನೀರು ಕೆಂಪಗಾಗಿ, ಮೇಲೆ ಕಸಕಡ್ಡಿ ತೇಲಿ ಬಂದರೆ ಘಟ್ಟದಲ್ಲಿ ಮಳೆ ಬಿದ್ದಿದೆ, ಹೊಸ ನೀರು ಬರುತ್ತಿದೆ ಎಂದು ಅರ್ಥ. ಆಗ ದಂಡೆಯಲ್ಲಿ ನಿಂತ ದನಕ್ಕೂ ಹೇಳಿ ಬರುತ್ತಿದ್ದ. ಗೋಡಚಿನಮಲ್ಕಿಯ ಅಬ್ಬಿಗೆ ನಮ್ಮನ್ನು ಕರೆದುಕೊಂಡು ಹೋದಾಗಲೂ ಮೊದಲು ಮಾರ್ಕಂಡೇಯ ಹೊಳೆಯ ದಂಡೆಯ ದನ ಕಾಯುವವರನ್ನು ಕೇಳಿ, ಆಮೇಲೆ ಕಾಲಿಡಲು ಬಿಡುತ್ತಿದ್ದ. ಅವನ ಹುಂಬತನದ ಕೆಳಗೆ ಇಷ್ಟು ತಿಳಿವಳಿಕೆ ಇತ್ತು. ಅದನ್ನೂ ಕತೆಯ ಜೊತೆ ದಾಟಿಸೋಣ.

ಆ ತಿಳಿವಳಿಕೆ ಎಂಥದ್ದೆಂದು ನಾವು 2019ರ ಆಗಸ್ಟ್‌ನಲ್ಲಿ ಕಂಡೆವು. ಘಟಪ್ರಭೆ, ಮಾರ್ಕಂಡೇಯ ಎರಡೂ ತುಂಬಿ, ಲೋಳಸೂರ ಸೇತುವೆ ಮುಳುಗಿ, ಗೋಕಾಕದ ಓಣಿಗಳಿಗೆ ನೀರು ನುಗ್ಗಿತು. ಎಂಬತ್ತು ದಾಟಿದ ಮುತ್ಯಾ ಹಿಂದಿನ ಸಂಜೆಯೇ ಹೊಳೆಯ ದಂಡೆಗೆ ಹೋಗಿ ಬಂದು, "ಇದು ನಿಲ್ಲೂ ನೀರಲ್ಲ" ಎಂದ. ಯಾರೂ ಕಿವಿಗೊಡಲಿಲ್ಲ. ಅವನು ಜಗಳ ಮಾಡಲಿಲ್ಲ. ಓಣಿಯ ಮಕ್ಕಳನ್ನೆಲ್ಲ ಕೂಡಿಸಿ, ಯಾರ ಮನೆಯ ಸಾಮಾನು ಮೊದಲು ಮಾಳಿಗೆ ಏರುತ್ತದೆ ಎಂಬ ಪಂದ್ಯ ಇಟ್ಟ. ಗೆದ್ದವರಿಗೆ ಕರದಂಟು. ಮಕ್ಕಳು ಜೋಳದ ಚೀಲ, ಹಾಸಿಗೆ, ಶಾಲೆ ಪುಸ್ತಕ ಹೊತ್ತು ಓಡಿದರು, ಅವರ ಹಿಂದೆ ದೊಡ್ಡವರು ಬೈಯುತ್ತ ಓಡಿದರು. ಮರುದಿನ ನೀರು ಕಟ್ಟೆಯ ಮೇಲೆ ಬಂದಾಗ ನಮ್ಮ ಓಣಿಯಲ್ಲಿ ಕಾಗದಪತ್ರ, ಕಾಳುಕಡಿ ಕಳೆದುಕೊಂಡವರು ಕಡಿಮೆ. ಆಮೇಲೆ ಗಂಜಿ ಕೇಂದ್ರದಲ್ಲಿ, ಮನೆ ಬಿದ್ದವರು ತಲೆಗೆ ಕೈ ಹೊತ್ತು ಕೂತಿದ್ದ ರಾತ್ರಿ, ಅವನು ವಲ್ಲಿಯನ್ನು ತಲೆಗೆ ಎಳೆದುಕೊಂಡು ದೂತಿಯಾದ. ಅಳುತ್ತಿದ್ದ ಕೂಸು ಸುಮ್ಮನಾಯಿತು. ಮುದುಕಿಯೊಬ್ಬಳು ನಕ್ಕು ನಕ್ಕು ಕೆಮ್ಮಿದಳು. ಮನೆ ಕಳೆದುಕೊಂಡ ಆ ಮುದುಕಿ ಮುಂದೆ ಮುತ್ಯಾನ ಮಣ್ಣಿಗೆ ಬಂದು, ಕಾಲು ಮುಟ್ಟಿ, ಆ ರಾತ್ರಿಯ ಮಾತು ತೆಗೆದಳು. ನೀವೆಲ್ಲ ಅಲ್ಲಿದ್ದಿರಿ. ಅವಳು ಶಿಸ್ತಿನ ಸಿಪಾಯಿಯನ್ನು ನೆನೆಯಲಿಲ್ಲ.

2023ರ ಬೇಸಿಗೆಯಲ್ಲಿ ಹಿಡಕಲ್ಲಿನ ನೀರು ತಳ ಕಂಡು ಹುನ್ನೂರಿನ ವಿಠ್ಠಲನ ಗುಡಿ ಮೇಲೆದ್ದಿತು. ಜನ ತಂಡ ತಂಡವಾಗಿ ನೋಡಲು ಹೋದರು. ಮುತ್ಯಾ ಹುಕ್ಕೇರಿಯ ಮಾಮಾರಿಗೆ ಫೋನ್ ಮಾಡಿಸಿ ಹಟ ಹಿಡಿದ. ಬಿರಿದ ಕೆಸರಿನ ಮೇಲೆ ಅವನನ್ನು ಒಂದಿಷ್ಟು ದೂರ ನಡೆಸಿ, ಒಂದಿಷ್ಟು ದೂರ ಹೊತ್ತು ಒಯ್ದವರು ಸಣ್ಣತ್ತಿಯ ಮಕ್ಕಳು. ಕಲ್ಲಿನ ಕಂಬ ಮುಟ್ಟಿ, ತಾನು ಅಂದು ಮಲಗಿದ ಮೂಲೆ ಇದೇ ಎಂದು ತೋರಿಸಿದನಂತೆ. ಆಮೇಲೆ ಹೊತ್ತು ತಂದ ಮೊಮ್ಮಗನಿಗೆ, "ಅನ್ನ ಸಾರು ಆಗೇತೇನ ಕೇಳಿ ಬಾ" ಎಂದನಂತೆ. ಅದೇ ಅವನ ಕೊನೆಯ ತಿರುಗಾಟ. ಅಲ್ಲಿ ತೆಗೆದ ಫೋಟೊ ಸಣ್ಣತ್ತಿಯ ಮಗನ ಮೊಬೈಲಿನಲ್ಲಿದೆ. ಟೊಪ್ಪಿಗೆ ಓರೆ, ಧೋತರಕ್ಕೆ ಕೆಸರು, ಬಾಯಿ ತುಂಬ ನಗು, ಮುಂದಿನ ಎರಡು ಹಲ್ಲಿಲ್ಲ. ಬ್ಯಾನರಿಗೆ ಆ ಫೋಟೊ ಹಾಕಿರಿ ಎಂದು ನಾನು ಕೈಮುಗಿದು ಕೇಳುತ್ತೇನೆ.

ಒಂದು ನೋವಿನ ಸಂಗತಿ ಉಳಿದಿದೆ. ಅದನ್ನು ಯಾರನ್ನೂ ದೂರಲು ಬರೆಯುತ್ತಿಲ್ಲ. ತೀರಿಹೋದ ಮುತ್ಯಾನನ್ನು ಕೂರಿಸಿ ರಾತ್ರಿಯೆಲ್ಲ ಭಜನೆ ನಡೆದಾಗ, ಅವನ ಮೇಳದಲ್ಲಿ ಉಳಿದಿದ್ದ ಇಬ್ಬರು ಮುದುಕರು ಬಂದಿದ್ದರು. ಒಬ್ಬರು ಹಾರ್ಮೋನಿಯಂ ಮುಂದೆ ಎಳೆದುಕೊಂಡು ಪಾರಿಜಾತದ ಹಾಡು ಎತ್ತಿದರು. ನಮ್ಮ ಹಿರಿಯರೊಬ್ಬರು, ಸತ್ತವರ ಮನೆಯಲ್ಲಿ ಆಟದ ಹಾಡು ಬೇಡ, ನಾಲ್ಕು ಜನ ಏನಂದಾರು ಎಂದರು. ಆ ಮುದುಕರು ಪೆಟ್ಟಿಗೆ ಮುಚ್ಚಿ, ತುಸು ಹೊತ್ತು ಕೂತು, ಎದ್ದು ಹೋದರು. ದುಃಖದಲ್ಲಿ ಹೇಳಿದ ಮಾತು, ಮರ್ಯಾದೆ ಕಾಯಲು ಹೇಳಿದ ಮಾತು, ನನಗೆ ಗೊತ್ತಿದೆ. ಆದರೆ ಮುತ್ಯಾನ ಜೊತೆ ಊರೂರು ತಿರುಗಿ, ಕಂದೀಲಿನ ಬೆಳಕಿನಲ್ಲಿ ಬೆಳಗು ಮಾಡಿದ ಆ ಇಬ್ಬರಿಗೆ ಅವನನ್ನು ಬೀಳ್ಕೊಡುವ ಹಾಡು ಬೇರೆ ಯಾವುದಿತ್ತು? ಆ ಹಾಡು ಅರ್ಧಕ್ಕೆ ನಿಂತಿದೆ. ಅದನ್ನು ಪೂರ್ತಿ ಮಾಡಿಸುವುದು ನಮ್ಮ ಮೇಲಿರುವ ಋಣ ಎಂದು ನಾನು ತಿಳಿದಿದ್ದೇನೆ.

ಆದ್ದರಿಂದ ನನ್ನ ಸೂಚನೆ ಹೀಗಿದೆ. ಬೆಳಗ್ಗೆ ಗದ್ದಿಗೆಯ ಪೂಜೆ, ಜಂಗಮರ ಪ್ರಸಾದ ಎಲ್ಲವೂ ಕ್ರಮದಂತೆ ನಡೆಯಲಿ, ಅದರಲ್ಲಿ ಏನೂ ಕಡಿಮೆಯಾಗುವುದು ಬೇಡ. ಮಧ್ಯಾಹ್ನದ ವೇದಿಕೆ, ಭಾಷಣ, ಶಾಲು ಬಿಟ್ಟುಬಿಡೋಣ. ಆ ದುಡ್ಡಿನಲ್ಲಿ ರಾತ್ರಿ ಮೂಡಲಗಿಯ ದೊಡ್ಡತ್ತಿಯ ಹೊಲದಲ್ಲಿ ಪಾರಿಜಾತ ಆಡಿಸೋಣ. ಕುಲಗೋಡದ ಕಡೆಯ ಕಲಾವಿದರನ್ನು ಕೇಳಿದ್ದೇನೆ, ಬರುತ್ತೇವೆ ಎಂದಿದ್ದಾರೆ. ಅವತ್ತು ಎದ್ದು ಹೋದ ಇಬ್ಬರು ಹಿರಿಯರನ್ನು ಕರೆತರುವ ಜವಾಬ್ದಾರಿ ನನ್ನದು, ಅವರ ಮನೆಗೆ ಹೋಗಿ ಕೈಮುಗಿದು ಬಂದಿದ್ದೇನೆ. ಮುಂದಿನ ವರ್ಷ ಇದೇ ಆಟ ಹುಕ್ಕೇರಿಯಲ್ಲಿ, ಅದರ ಮುಂದಿನ ವರ್ಷ ಗೋಕಾಕದಲ್ಲಿ ಆಗಲಿ. ಓಣಿಯವರನ್ನೂ ಕರೆಯೋಣ. ಬೇರೆ ಮನೆಯವರು ತಮ್ಮ ಹಿರಿಯರ ಹಲ್ಲಿಲ್ಲದ ಫೋಟೊ ತಂದರೆ ಅದನ್ನೂ ಪಕ್ಕಕ್ಕಿಟ್ಟು ಹೂ ಏರಿಸೋಣ.

ಕೆಲಸ ಹಂಚಿದ್ದೇನೆ, ಒಪ್ಪಿಗೆಯಾಗದಿದ್ದರೆ ಹೇಳಿರಿ. ಹುಕ್ಕೇರಿ ಮಾಮಾ, ಜಾವಾ ನಿಮ್ಮ ಹಿತ್ತಲಿನಲ್ಲಿ ಕೋಳಿಗಳ ಮನೆಯಾಗಿದೆ, ಅದನ್ನು ತೊಳೆದು, ಪ್ಲಗ್ ಬದಲಿಸಿ ಚಾಲೂ ಮಾಡಿ ತನ್ನಿರಿ. ಚಿಗವ್ವ, ಮಾದಲಿ ನಿಮ್ಮ ಕೈಯದೇ ಆಗಬೇಕು. ದೊಡ್ಡಪ್ಪ, ಆಯಿಯ ಬೋರಮಾಳ ಈಗ ಯಾರ ಹತ್ತಿರ ಇದೆಯೋ ಅವರಿಗೆ ಹೇಳಿ, ಆ ರಾತ್ರಿ ಅದನ್ನು ತರಿಸಿರಿ. ಅದನ್ನು ಸತ್ಯಭಾಮೆಯ ಕೊರಳಿಗೆ ಹಾಕಿ ಆಡಿಸೋಣ, ಆಟ ಮುಗಿದ ಮೇಲೆ ಹುಷಾರಾಗಿ ವಾಪಸು ಕೊಡೋಣ. ಮಕ್ಕಳಿಗೆ ಮರುದಿನ ಶಾಲೆ ಇದೆ ಎಂದು ಯಾರೂ ಬೇಗ ಎದ್ದು ಹೋಗುವಂತಿಲ್ಲ, ಬೆಳತನಕ ಕೂರಬೇಕು.

ಮೇಳದವರು ದೂತಿಯ ಪಾತ್ರವನ್ನು ಮಾತ್ರ ಖಾಲಿ ಇಟ್ಟಿದ್ದಾರೆ, ಮನೆಯವರೇ ಯಾರಾದರೂ ಕಟ್ಟಲಿ ಎಂದು. ಮುತ್ಯಾನ ವಲ್ಲಿ ನನ್ನ ಹತ್ತಿರ ಒಗೆದು ಮಡಚಿ ಇಟ್ಟದ್ದಿದೆ. ಯಾರು ಮುಂದೆ ಬರುತ್ತೀರಿ ಎಂದು ಬರುವ ಸೋಮವಾರದೊಳಗೆ ತಿಳಿಸಿರಿ. ಯಾರೂ ಬರದಿದ್ದರೆ ನಾನೇ ಕಟ್ಟುತ್ತೇನೆ, ಮಾತು ಬಾಯಿಪಾಠ ಶುರು ಮಾಡಿದ್ದೇನೆ.

ನಿಮ್ಮವಳು,
ಗೋಕಾಕದ ಮನೆಯ ಮೊಮ್ಮಗಳು